ಹಿಮ ಕೊಯ್ಯುವ ಹಲ್ಲು

ಕೆನಡಾದಲ್ಲಿರುವ ನನ್ನ ಹೆಂಡತಿಯ ತಮ್ಮ ಕಳೆದ ಚಳಿಗಾಲದಲ್ಲಿ ಒಂದು ಚಿತ್ರ ಕಳುಹಿಸಿದ. ಹಳೆಯ ವಸ್ತುಗಳನ್ನು ಮಾರುವ ಯಾವುದೋ ಅಂಗಡಿಯ ಪಟ್ಟಿಯಿಂದ ತೆಗೆದದ್ದು. ಕಪ್ಪು ಬಟ್ಟೆಯ ಮೇಲೆ ಮಲಗಿದ ಒಂದು ಅಲಗು. ಮೊಳಕ್ಕಿಂತ ತುಸು ಕಡಿಮೆ ಉದ್ದ, ಹಳೆಯ ತುಪ್ಪದ ಬಣ್ಣ. ಕೆಳಗೆ ಒಂದೇ ಸಾಲಿನ ವಿವರಣೆ: ‘ಪುರಾತನ ಇನುಯಿಟ್ ಅಲಗು, ವಾಲ್ರಸ್ ದಂತದಲ್ಲಿ ಕೆತ್ತಿದ್ದು.’ ಬೆಲೆ ನನ್ನ ಎರಡು ತಿಂಗಳ ಸಂಬಳದ ಹತ್ತಿರ ಹತ್ತಿರ ಬರುತ್ತಿತ್ತು. “ಭಾವ, ನೀವು ಇಂಥವನ್ನೆಲ್ಲ ಓದುತ್ತಿರುತ್ತೀರಲ್ಲ, ಇದು ಒಳ್ಳೆಯ ವಸ್ತುವೇ ಹೇಳಿ. ಬರುವಾಗ ದೆಹಲಿಯ ಮನೆಗೆ ತರೋಣವೆಂದಿದ್ದೇನೆ. ನಡುವೆ ಒಂದು ಕಲೆ ಇದೆ, ಅದೊಂದೇ ಅನುಮಾನ” ಎಂದು ಬರೆದಿದ್ದ.

ನಾನು ಕಲಾವಿಮರ್ಶಕನಲ್ಲ. ಬಿ.ಎಸ್ಸಿ.ಯಲ್ಲಿ ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳನ್ನು ಓದಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾದವನು. ಅದರಲ್ಲಿ ಆರು ವರ್ಷ ಉಗ್ರಾಣ ವಿಭಾಗದಲ್ಲಿ ಕಳೆದವನು. ಆದ್ದರಿಂದ ಒಂದು ವಸ್ತುವನ್ನು ಒಂದು ಸಾಲಿನಲ್ಲಿ ಹೇಗೆ ಕೊಲ್ಲಬಹುದೆಂಬ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ‘ಕುರ್ಚಿ, ಮರದ್ದು, ಒಂದು, ಹಳೆಯದು’ ಎಂದು ಬರೆದು ಕೆಳಗೆ ಸಹಿ ಹಾಕಿದರೆ, ಮೂವತ್ತು ವರ್ಷ ಒಬ್ಬ ಮನುಷ್ಯ ಅದರ ಮೇಲೆ ಕುಳಿತು ಬೆನ್ನು ಬಗ್ಗಿಸಿಕೊಂಡದ್ದು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಆ ಅಂಗಡಿಯ ವಿವರಣೆಯನ್ನು ಓದಿದಾಗ ನನ್ನ ಹಳೆಯ ರಿಜಿಸ್ಟರೇ ಕಣ್ಣಿಗೆ ಕಟ್ಟಿತು. ಭಾವಮೈದನಿಗೆ ಉತ್ತರ ಬರೆಯಲು ಕುಳಿತು ಆ ಸಾಲಿನ ಪದಗಳನ್ನು ಒಂದೊಂದಾಗಿ ಕೆದಕುತ್ತ ಹೋದೆ. ಉತ್ತರ ಪತ್ರದ ಅಳತೆ ಮೀರಿತು. ಅದನ್ನೇ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ‘ಅಲಗು’ ಎಂಬ ಮಾತು. ಯಾರಾದರೂ ಕತ್ತಿಯನ್ನು ಕತ್ತಿ ಎನ್ನದೆ ಅಲಗು ಎಂದರೆ ಅದು ಏನನ್ನು ಕೊಯ್ಯುತ್ತದೆಂಬುದು ಹೇಳುವವರಿಗೆ ಗೊತ್ತಿಲ್ಲ ಎಂದರ್ಥ. ನಮ್ಮಲ್ಲಿ ಕುಡುಗೋಲು, ಮಚ್ಚು, ಈಳಿಗೆಮಣೆ, ಬಾಚಿ ಎಂದೆಲ್ಲ ಬೇರೆ ಬೇರೆ ಹೆಸರುಗಳಿರುವುದು ಕೆಲಸ ಬೇರೆ ಬೇರೆ ಎಂಬುದಕ್ಕೇ. ಇನುಯಿಟರಲ್ಲೂ ಹಾಗೆಯೇ. ಅರ್ಧಚಂದ್ರಾಕಾರದ ಬಾಯಿಯುಳ್ಳ ಹೆಂಗಸರ ಕತ್ತಿಗೆ ‘ಉಲು’ ಎಂದು ಹೆಸರು. ತೊಗಲು ಹೆರೆಯುವುದರಿಂದ ಹಿಡಿದು ಮಾಂಸ ಕೊಯ್ಯುವವರೆಗೆ, ಬಟ್ಟೆ ಕತ್ತರಿಸುವವರೆಗೆ ಎಲ್ಲಕ್ಕೂ ಅದೇ. ನನ್ನ ಭಾವಮೈದ ಕಳುಹಿಸಿದ ಚಿತ್ರದಲ್ಲಿದ್ದದ್ದು ಅದಲ್ಲ. ಉದ್ದನೆಯ, ತುಸು ಬಾಗಿದ ಬಾಯಿ. ಹಿಡಿಯ ತುದಿಯಲ್ಲಿ ಒಂದು ಗುಬುಟು, ಕೈಚೀಲ ತೊಟ್ಟ ಕೈಯಿಂದ ಜಾರದಿರಲೆಂದು. ಅದು ‘ಪನ’, ಅಂದರೆ ಹಿಮದ ಕತ್ತಿ. ಗಾಳಿಗೆ ಗಟ್ಟಿಗೊಂಡ ಹಿಮವನ್ನು ಇಟ್ಟಿಗೆಗಳಂತೆ ಕೊಯ್ದು ಮನೆ ಕಟ್ಟುವ ಸಾಧನ. ಅದೊಂದು ಆಯುಧವೆಂದು ತಿಳಿದು ಗೋಡೆಗೆ ತೂಗುಹಾಕುವವರು ಗಾರೆಕೆಲಸದವನ ಕರಣೆಯನ್ನು ಖಡ್ಗವೆಂದು ಪೂಜೆಗಿಟ್ಟಂತೆ.

ಈ ಕತ್ತಿ ಕೆಲಸ ಮಾಡುವುದನ್ನು ನೋಡಬೇಕೆಂದಿರುವವರಿಗೆ ಒಂದು ದಾರಿಯಿದೆ. 1922ರಲ್ಲಿ ತೆರೆಕಂಡ, ರಾಬರ್ಟ್ ಫ್ಲಾಹರ್ಟಿಯ ‘ನ್ಯಾನೂಕ್ ಆಫ್ ದಿ ನಾರ್ತ್’ ಎಂಬ ಮೂಕಿಚಿತ್ರ. ಹಡ್ಸನ್ ಕೊಲ್ಲಿಯ ಪೂರ್ವತೀರದ ಇನುಕ್ಜುವಾಕ್ ಎಂಬಲ್ಲಿ ತೆಗೆದದ್ದು. ಖರ್ಚು ಕೊಟ್ಟದ್ದು ತುಪ್ಪಳದ ವ್ಯಾಪಾರದ ಒಂದು ಫ್ರೆಂಚ್ ಕಂಪನಿ. ಮಾತಿಲ್ಲ, ಬಣ್ಣವಿಲ್ಲ, ಈಗ ಯಾರು ಬೇಕಾದರೂ ಕೈಫೋನಿನಲ್ಲೇ ನೋಡಬಹುದು. ನಾನು ನೋಡಿದ್ದು ಒಂದು ರಾತ್ರಿ, ಮಕ್ಕಳೆಲ್ಲ ಮಲಗಿದ ಮೇಲೆ. ಆಮೇಲೆ ಆ ಒಂದು ಭಾಗವನ್ನೇ ಐದಾರು ಬಾರಿ ನೋಡಿದೆ.

ನಾಯಕ ಹಿಮದ ಬಯಲಿನಲ್ಲಿ ನಿಲ್ಲುತ್ತಾನೆ. ವಾಲ್ರಸ್ ದಂತದ ಕತ್ತಿಯನ್ನು ತೆಗೆದು, ನಾಲಗೆಯಿಂದ ಅದರ ಬಾಯಿಯನ್ನು ಉದ್ದಕ್ಕೂ ನೆಕ್ಕುತ್ತಾನೆ. ಎಂಜಲು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿ ಗಾಜಿನಂಥ ಪೊರೆಯಾಗುತ್ತದೆ, ಅದರಿಂದ ಕತ್ತಿಗೆ ಹರಿತ ಬರುತ್ತದೆ ಎಂದು ಚಿತ್ರದ ಬರಹ ಹೇಳುತ್ತದೆ. ಮೊದಲ ಸಲ ನೋಡಿದಾಗ ಇದು ನೋಡುಗರನ್ನು ಬೆರಗುಗೊಳಿಸಲು ಮಾಡಿದ ಆಟವೆಂದೇ ನನಗನಿಸಿತು. ಆಮೇಲೆ ಯೋಚಿಸಿದೆ. ದಂತದ ಗಡಸುತನ ಮೋಹ್ಸ್ ಮಾಪಕದಲ್ಲಿ ಎರಡೂವರೆಯ ಆಸುಪಾಸು. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಒಂದೂವರೆ ಮಾತ್ರ. ಆದರೆ ಚಳಿ ಇಳಿದಂತೆಲ್ಲ ಅದು ಗಡುಸಾಗುತ್ತ ಹೋಗುತ್ತದೆ, ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿಳಿದರೆ ದಂತವನ್ನೇ ಮೀರಿಸುತ್ತದೆ. ಬಳಸಿ ಬಳಸಿ ದಂತದ ಬಾಯಿಯಲ್ಲಿ ಬಿದ್ದ ಸಣ್ಣ ಸಣ್ಣ ಕಚ್ಚುಗಳನ್ನು ನೀರು ತುಂಬಿ, ಹೆಪ್ಪುಗಟ್ಟಿ, ನುಣುಪು ಮಾಡುತ್ತದೆಂದರೆ ನಂಬದಿರಲು ಕಾರಣವಿಲ್ಲ. ಇದೇ ಜನ ಜಾರುಬಂಡಿಯ ಅಡಿಪಟ್ಟಿಗಳಿಗೂ ಬಾಯಿಯಿಂದ ನೀರು ಉಗುಳಿ ಮಂಜಿನ ಪೊರೆ ಕಟ್ಟಿಸುತ್ತಿದ್ದರು. ಅಂದರೆ ಈ ಕತ್ತಿಯನ್ನು ಮಸೆಯುವ ಕಲ್ಲು ಚಳಿಯೇ. ದೆಹಲಿಯ ಡ್ರಾಯಿಂಗ್ ರೂಮಿನ ಕಪಾಟಿನಲ್ಲಿ ಅದು ಎಂದೆಂದಿಗೂ ಮೊಂಡು. ಭಾವಮೈದನಿಗೆ ನಾನು ಬರೆದ ಮೊದಲ ಮಾತೇ ಇದು.

ಕಬ್ಬಿಣವಿದ್ದರೆ ಇದೆಲ್ಲ ಏಕೆ ಬೇಕಿತ್ತು ಎಂದು ಕೇಳಬಹುದು. ಕಬ್ಬಿಣ ಅವರಿಗೆ ಗೊತ್ತೇ ಇರಲಿಲ್ಲವೆಂಬುದು ತಪ್ಪು. ಗ್ರೀನ್‌ಲ್ಯಾಂಡಿನ ವಾಯವ್ಯದಲ್ಲಿ, ಕೇಪ್ ಯಾರ್ಕ್ ಬಳಿ, ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣವನ್ನು ಚೂರು ಚೂರಾಗಿ ಕಲ್ಲಿನಿಂದ ಒಡೆದು, ಬಡಿದು ತೆಳುಮಾಡಿ, ಮೂಳೆಯ ಅಥವಾ ದಂತದ ಹಿಡಿಯ ಅಂಚಿನಲ್ಲಿ ತೋಡಿದ ಗೀರಿನೊಳಗೆ ಹಲ್ಲುಗಳ ಸಾಲಿನಂತೆ ಕೂರಿಸುತ್ತಿದ್ದರು. 1818ರಲ್ಲಿ ಜಾನ್ ರಾಸ್ ಎಂಬ ನೌಕಾಧಿಕಾರಿ ಅಲ್ಲಿಗೆ ಹೋದಾಗ ಇಂಥ ಕತ್ತಿಗಳನ್ನು ಕಂಡು ಬೆರಗಾದ. ಆ ಉಲ್ಕೆಯ ದೊಡ್ಡ ತುಂಡುಗಳನ್ನು ರಾಬರ್ಟ್ ಪಿಯರಿ ಹಡಗಿಗೇರಿಸಿ ನ್ಯೂಯಾರ್ಕಿಗೆ ಸಾಗಿಸಿದ. ಎಲ್ಲಕ್ಕಿಂತ ದೊಡ್ಡದು 31 ಟನ್ನಿನದು, 1897ರಲ್ಲಿ ಹೋಯಿತು. ಅಲ್ಲಿನ ನಿಸರ್ಗ ಚರಿತ್ರೆಯ ಮ್ಯೂಸಿಯಮ್ಮಿಗೆ ಅವು 40,000 ಡಾಲರಿಗೆ ಮಾರಾಟವಾದವು. ಆ ಹೊತ್ತಿಗೆ ಹಡಗಿನವರಿಂದ ಉಕ್ಕು ಸಿಗುತ್ತಿತ್ತು, ಅವರಿಗೆ ಉಲ್ಕೆ ಬೇಕಿರಲಿಲ್ಲ ಎಂದು ವಾದಿಸುವವರಿದ್ದಾರೆ. ಇರಬಹುದು. ನಮ್ಮ ಮನೆಗೆ ನಲ್ಲಿ ಬಂದಿದೆಯೆಂದು ಬೇರೆಯವರು ಬಾವಿಯನ್ನು ಹೊತ್ತೊಯ್ಯುವುದು ಎಷ್ಟರಮಟ್ಟಿಗೆ ನ್ಯಾಯವೋ ಅಷ್ಟರಮಟ್ಟಿಗೆ ಇದೂ ನ್ಯಾಯ. ಹಿಮ ಕೊಯ್ಯುವುದಕ್ಕೆ ಮಾತ್ರ ದಂತ ಎರಡನೆಯ ದರ್ಜೆಯ ವಸ್ತುವಾಗಿರಲಿಲ್ಲ. ಒದ್ದೆಯಾದ ಚರ್ಮ ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತದೆ. ಕತ್ತಿ ಕಬ್ಬಿಣದ್ದಾಗಿದ್ದರೆ ನೆಕ್ಕಿದವನ ನಾಲಗೆಯ ಗತಿ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಲಿ.

ಮತ್ತೆ ಚಿತ್ರಕ್ಕೆ ಬರುತ್ತೇನೆ. ಅವನು ಕೊಯ್ದ ಹಿಮದ ದಿಂಡುಗಳನ್ನು ತನ್ನ ಸುತ್ತಲೂ ಜೋಡಿಸುತ್ತ ಹೋಗುತ್ತಾನೆ. ಸಾಲುಗಳು ಸುರುಳಿಯಾಗಿ ಮೇಲೇರುತ್ತ ಒಳಕ್ಕೆ ಬಾಗುತ್ತವೆ. ಕಟ್ಟುವವನು ಒಳಗೇ ಇರುತ್ತಾನೆ. ಕೊನೆಯ ದಿಂಡನ್ನು ಕೂರಿಸುವ ಹೊತ್ತಿಗೆ ತಾನೇ ಮುಚ್ಚಿಹೋಗಿರುತ್ತಾನೆ. ಹೊರಗೆ ಹೆಂಗಸರೂ ಮಕ್ಕಳೂ ಸಂದುಗಳಿಗೆ ಹಿಮ ಮೆತ್ತುತ್ತಿರುತ್ತಾರೆ. ಒಂದು ಕ್ಷಣ ತೆರೆಯ ಮೇಲೆ ಬಿಳಿಯ ಗೋಡೆಯಲ್ಲದೆ ಬೇರೇನೂ ಇಲ್ಲ. ಆಗ ಬುಡದಲ್ಲಿ ಕತ್ತಿಯ ತುದಿ ಹೊರಕ್ಕೆ ಚಾಚುತ್ತದೆ. ಗೋಡೆ ಕೊಯ್ದು ಬಾಗಿಲು ಮಾಡಿ ಅವನು ನಗುತ್ತ ತೆವಳಿ ಹೊರಬರುತ್ತಾನೆ. ಆಮೇಲೆ ಚೌಕವಾಗಿ ಒಂದು ರಂಧ್ರ ಕೊಯ್ದು, ಅಲ್ಲಿಗೆ ಪಾರದರ್ಶಕವಾದ ಮಂಜುಗಡ್ಡೆಯ ಹಲಗೆಯನ್ನು ಕಿಟಕಿಯಾಗಿ ಕೂರಿಸಿ, ಪಕ್ಕದಲ್ಲಿ ಬೆಳಕನ್ನು ಒಳಕ್ಕೆ ತಿರುಗಿಸಲು ಒಂದು ಹಿಮದ ದಿಂಡನ್ನು ನಿಲ್ಲಿಸುತ್ತಾನೆ. ಈ ಕೆಲಸಗಳಿಗೆಲ್ಲ ಒಂದೇ ಕತ್ತಿ. ಅದು ಗರಗಸ, ಅದೇ ಕರಣೆ, ಅದೇ ಗಾರೆಯವನ ಮಟ್ಟಗೋಲು. ಇದಕ್ಕಿಂತ ಒಳ್ಳೆಯ ಶಿಲ್ಪಪ್ರದರ್ಶನವನ್ನು ನಾನು ಯಾವ ಗ್ಯಾಲರಿಯಲ್ಲೂ ಕಂಡಿಲ್ಲ.

ಆದರೆ ಇದೇ ಚಿತ್ರ ಸುಳ್ಳನ್ನೂ ಹೇಳುತ್ತದೆ, ಅದನ್ನು ಮುಚ್ಚಿಡಲಾಗದು. ನ್ಯಾನೂಕ್ ಎಂಬುದು ಅವನ ಹೆಸರಲ್ಲ. ಅವನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ತೆರೆಯ ಮೇಲೆ ಅವನ ಹೆಂಡತಿಯಾಗಿ ಬರುವವಳು ಅವನ ಹೆಂಡತಿಯಲ್ಲ. ಒಳಾಂಗಣದ ದೃಶ್ಯಗಳಿಗೆ ಕ್ಯಾಮೆರಾ ಹಿಡಿಯುವಷ್ಟು ದೊಡ್ಡದಾಗಿ ಹಿಮದ ಮನೆ ಕಟ್ಟಿಸಿ, ಬೆಳಕು ಬೀಳಲೆಂದು ಅದರ ಅರ್ಧವನ್ನು ಕೆಡವಿದ್ದರು. ಪಾಪ, ಆ ಸಂಸಾರ ಗೋಡೆಯಿಲ್ಲದ ಮನೆಯಲ್ಲಿ ನಿಜವಾದ ಚಳಿಯಲ್ಲಿ ಸುಳ್ಳು ನಿದ್ದೆ ಮಾಡಬೇಕಾಯಿತು. ಬಂದೂಕು ಬಳಸುತ್ತಿದ್ದ ಜನರ ಕೈಗೆ ಈಟಿ ಕೊಡಿಸಿ ವಾಲ್ರಸ್ ಬೇಟೆಯಾಡಿಸಿದ್ದಾರೆ. ಗ್ರಾಮಾಫೋನಿನ ತಟ್ಟೆಯನ್ನು ನಾಯಕ ಕಚ್ಚಿ ನೋಡುವ ದೃಶ್ಯವಂತೂ ನಗಿಸಲೆಂದೇ ಜೋಡಿಸಿದ್ದು. ಅವನಿಗೆ ಅದೇನೆಂದು ಗೊತ್ತಿತ್ತು.

ಹಾಗಾದರೆ ಕತ್ತಿ ನೆಕ್ಕಿದ್ದೂ ನಾಟಕವೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಫ್ಲಾಹರ್ಟಿ ಹಳೆಯದನ್ನು ತೋರಿಸಬಯಸಿದವನು. ಆ ಹೊತ್ತಿಗೆ ಉಕ್ಕಿನ ಕತ್ತಿಗಳು ಅಲ್ಲಿಗೆ ಬಂದಾಗಿತ್ತು. ದಂತದ ಕತ್ತಿಯನ್ನು ಕ್ಯಾಮೆರಾಕ್ಕಾಗಿಯೇ ಕೈಗೆ ಕೊಟ್ಟಿರಲೂಬಹುದು. ಆದರೆ ಕತ್ತಿ ಹಿಡಿದ ಕೈಯನ್ನು ನೋಡಿ. ಅದು ತಡವರಿಸುವುದಿಲ್ಲ. ದಿಂಡಿನ ಅಂಚನ್ನು ಎಷ್ಟು ಓರೆಯಾಗಿ ಸವರಿದರೆ ಮುಂದಿನ ದಿಂಡು ಜಾರದೆ ಕೂರುತ್ತದೆಂಬ ಲೆಕ್ಕ ಆ ಮಣಿಕಟ್ಟಿನಲ್ಲಿದೆ. ನಟನಿಗೆ ಸಂಭಾಷಣೆ ಕಲಿಸಬಹುದು, ಮಣಿಕಟ್ಟಿಗೆ ಕಲಿಸಲಾಗುವುದಿಲ್ಲ. ಮನೆ ಬಿದ್ದಿಲ್ಲ, ನಿಂತಿದೆ. ನನ್ನ ಮಟ್ಟಿಗೆ ಈ ಚಿತ್ರದ ನಿರ್ದೇಶಕ ಹೇಳಿದ್ದರಲ್ಲಿ ಅರ್ಧ ಸಂದೇಹಾಸ್ಪದ. ಅಲ್ಲಕರಿಯಲ್ಲಕ್ ಮಾಡಿದ್ದರಲ್ಲಿ ಸಂದೇಹವಿಲ್ಲ.

ಈಗ ‘ವಾಲ್ರಸ್ ದಂತ’. ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ದಂತವೆಂದರೆ ಹಲ್ಲು, ದಂತದ ಗೊಂಬೆ ಎಂದಾಗಲೂ ಅದೊಂದು ಪ್ರಾಣಿಯ ಹಲ್ಲೆಂಬುದು ಮರೆಯುವುದಿಲ್ಲ. ಇಂಗ್ಲಿಷಿನಲ್ಲಿ ‘ಐವರಿ’ ಎಂದೊಡನೆ ಪ್ರಾಣಿ ಮಾಯವಾಗಿ ಪಿಯಾನೋ ಮಾತ್ರ ಉಳಿಯುತ್ತದೆ. ವಾಲ್ರಸ್ಸಿನ ದಂತ ಮೇಲ್ದವಡೆಯ ಕೋರೆಹಲ್ಲು. ಗಂಡಿಗೂ ಇರುತ್ತದೆ, ಹೆಣ್ಣಿಗೂ ಇರುತ್ತದೆ. ದೊಡ್ಡ ಗಂಡಿನದು ಒಂದು ಮೀಟರಿನವರೆಗೂ ಬೆಳೆಯುತ್ತದೆ. ಅಡ್ಡಲಾಗಿ ಕೊಯ್ದರೆ ಮೂರು ಪದರ ಕಾಣುತ್ತದೆ. ಹೊರಗೆ ಸಿಮೆಂಟಮ್ ಎಂಬ ಸಿಪ್ಪೆ. ಅದರೊಳಗೆ ನುಣುಪಾದ, ಒತ್ತಾದ ದಂತದ್ರವ್ಯ. ನಟ್ಟನಡುವೆ ಗಂಜಿಯಲ್ಲಿ ಅನ್ನದ ಅಗುಳು ತೇಲಿದಂತೆ ಮಚ್ಚೆಮಚ್ಚೆಯಾದ ಇನ್ನೊಂದು ಬಗೆಯ ದಂತದ್ರವ್ಯ. ಆನೆಯ ದಂತದಲ್ಲಿ ಈ ಮಚ್ಚೆಗಳಿಲ್ಲ, ಅಲ್ಲಿ ಒಂದನ್ನೊಂದು ದಾಟುವ ಸೂಕ್ಷ್ಮವಾದ ಬಾಗುಗೆರೆಗಳ ಜಾಲ ಕಾಣುತ್ತದೆ. ಅಸಲಿ ನಕಲಿ ನೋಡಲು ಹಾಲು ಬಿಳುಪನ್ನೂ ತೂಕವನ್ನೂ ನಂಬುವುದಕ್ಕಿಂತ ಈ ನಡುವಿನ ಮಚ್ಚೆಯನ್ನು ಹುಡುಕುವುದು ಮೇಲು; ರಾಳದ ಅಚ್ಚಿನಲ್ಲಿ ಎರೆದ ನಕಲುಗಳಿಗೆ ಅದು ಸುಲಭವಾಗಿ ಬರುವುದಿಲ್ಲ.

ನನ್ನ ಭಾವಮೈದ ‘ನಡುವೆ ಒಂದು ಕಲೆ ಇದೆ’ ಎಂದು ಅನುಮಾನಪಟ್ಟದ್ದು ಇದನ್ನೇ. ಅವನಿಗೆ ಕಲೆಯಾಗಿ ಕಂಡದ್ದನ್ನು ಜಹಾಂಗೀರ್ ಬಾದಷಹ ಹುಡುಕಿಸಿ ಹುಡುಕಿಸಿ ತರಿಸುತ್ತಿದ್ದ! ಮೊಗಲರ ಆಸ್ಥಾನದಲ್ಲಿ ವಾಲ್ರಸ್ ದಂತಕ್ಕೆ ‘ಮೀನಿನ ಹಲ್ಲು’ ಎಂದು ಹೆಸರು. ಉತ್ತರ ರಷ್ಯದ ಕಡಲತೀರಗಳಿಂದ ಹೊರಟು ಇರಾನಿನ ಮೂಲಕ ಅದು ಹಿಂದೂಸ್ಥಾನಕ್ಕೆ ಬರುತ್ತಿತ್ತು. ಕಠಾರಿಗಳ ಹಿಡಿಗೆ ಅದಕ್ಕಿಂತ ಶ್ರೇಷ್ಠವಾದದ್ದಿಲ್ಲವೆಂಬ ನಂಬಿಕೆ. ಅದರಲ್ಲೂ ಮಚ್ಚೆ ಮೂಡಿದ ತುಂಡು ಸಿಕ್ಕರೆ ಬಾದಷಹನ ಸಂತೋಷಕ್ಕೆ ಪಾರವಿಲ್ಲ. ತನ್ನ ಆತ್ಮಚರಿತ್ರೆಯಲ್ಲಿ ಅದನ್ನು ಮಕ್ಕಳ ಉತ್ಸಾಹದಿಂದ ಬರೆದುಕೊಂಡಿದ್ದಾನೆ. ಅವನ ಹಲ್ಲು ಇನುಯಿಟರ ನಾಡಿನದಲ್ಲ, ಪ್ರಾಣಿ ಮಾತ್ರ ಅದೇ. ದೆಹಲಿಯಲ್ಲಿ ಕುಳಿತು ಇದನ್ನು ಬರೆಯುವಾಗ ಒಂದು ವಿಚಿತ್ರ ಹೊಳೆಯಿತು: ಅಲ್ಲಿ ಹಲ್ಲು ಅಲಗಾಯಿತು, ಇಲ್ಲಿ ಹಲ್ಲು ಹಿಡಿಯಾಯಿತು. ಒಂದೇ ವಸ್ತು, ಒಬ್ಬನಿಗೆ ಕೊಯ್ಯುವ ಕಡೆ, ಇನ್ನೊಬ್ಬನಿಗೆ ಹಿಡಿಯುವ ಕಡೆ.

ಚಿತ್ರದಲ್ಲಿದ್ದ ಕತ್ತಿಯ ರೂಪಕ್ಕೆ ಬಂದರೆ, ಅದರ ಸೊಗಸೆಲ್ಲ ಹಲ್ಲು ಹಾಕಿದ ಕರಾರಿನಲ್ಲಿದೆ. ಅಗಲ ಹಲ್ಲಿನ ಅಗಲವನ್ನು ಮೀರುವಂತಿಲ್ಲ, ಬಾಗು ಹಲ್ಲಿನ ಬಾಗೇ. ಕೆತ್ತಿದವನು ಆ ಬಾಗನ್ನು ನೇರಮಾಡಲು ಹೋಗಿಲ್ಲ. ಅಲಗಿನ ಬಾಯಿ ಒತ್ತಾದ ಹೊರಪದರದಲ್ಲಿ ಬರುವಂತೆ, ಮಚ್ಚೆಯ ತಿರುಳು ಬೆನ್ನಿನ ಕಡೆ ಉಳಿಯುವಂತೆ ಸೀಳಿದ್ದಾನೆ. ಇದು ಬಲ್ಲವನ ಕೆಲಸ. ಅಲಂಕಾರವೆಂಬುದು ಹಿಡಿಯ ಬಳಿ ಎರಡು ಗೀರು, ಅಷ್ಟೇ. ಅವೂ ಬೆರಳು ಜಾರದಿರಲು ಹಾಕಿದವಿರಬಹುದು.

ಅದೇ ಪಟ್ಟಿಯ ಮುಂದಿನ ಪುಟದಲ್ಲಿ ಇನ್ನೊಂದು ಕತ್ತಿಯಿತ್ತು. ಅದರ ಮೈತುಂಬ ಹಿಮಕರಡಿ, ದೋಣಿ, ನಾಯಿಬಂಡಿ, ಸೂರ್ಯ. ಬೆಲೆ ಮೂರುಪಟ್ಟು. ನನ್ನ ಮೊದಲ ತೀರ್ಪು ಹೀಗಿತ್ತು: ಇದು ಪರದೇಶಿಗಳಿಗೆ ಮಾರಲು ಮಾಡಿದ ಸರಕು, ಕಲೆಯಲ್ಲ, ಹಿಮ ಕೊಯ್ಯದ ಕತ್ತಿ ಕತ್ತಿಯೇ ಅಲ್ಲ. ಬರೆದು ಮುಗಿಸಿದ ಮೇಲೆ ಆ ತೀರ್ಪಿನ ಬಗ್ಗೆ ನನಗೇ ನಾಚಿಕೆಯಾಯಿತು. ತಿಮಿಂಗಿಲ ಬೇಟೆಯ ಹಡಗುಗಳು ಬಂದವು, ಅವರೊಡನೆ ಕೊಳ್ಳುವವರು ಬಂದರು, ಕೆತ್ತುವವರು ಕೆತ್ತಿದರು. ಅಲಾಸ್ಕದ ನೋಮ್ ಪಟ್ಟಣದಲ್ಲಿ ಅಂಗೋಕ್ವಾಝುಕ್ ಎಂಬೊಬ್ಬನಿದ್ದ. ಬಿಳಿಯರು ಅವನನ್ನು ಹ್ಯಾಪಿ ಜ್ಯಾಕ್ ಎಂದು ಕರೆದರು. ದಂತದ ಮೇಲೆ ಸೂಜಿಮೊನೆಯ ಗೆರೆ ಎಳೆಯುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಮಾಡಿದ್ದೆಲ್ಲ ಮಾರಾಟಕ್ಕೇ. 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡ. ಹೊಟ್ಟೆಪಾಡಿಗೆ ಮಾಡಿದ್ದು ಕಲೆಯಲ್ಲವೆಂದರೆ ನಮ್ಮ ಮೈಸೂರಿನಲ್ಲಿ ಬೀಟೆಮರದ ಮೇಲೆ ದಂತ ಕೂರಿಸುತ್ತಿದ್ದ ಕುಸುರಿಗಾರರನ್ನೂ ಪಟ್ಟಿಯಿಂದ ತೆಗೆಯಬೇಕಾಗುತ್ತದೆ. ಆದ್ದರಿಂದ ತೀರ್ಪನ್ನು ತಿದ್ದಿಕೊಂಡಿದ್ದೇನೆ. ಆ ಎರಡನೆಯ ಕತ್ತಿ ಕೆಟ್ಟದ್ದು, ನಿಜ. ಆದರೆ ಮಾರಾಟಕ್ಕೆ ಮಾಡಿದ್ದರಿಂದ ಅಲ್ಲ. ಅದರ ಕರಡಿಗೆ ತೂಕವಿಲ್ಲ, ಮಂಜಿನ ಮೇಲೆ ನಿಂತದ್ದು ರಬ್ಬರಿನ ಮೇಲೆ ನಿಂತಂತಿದೆ, ಗೆರೆಯಲ್ಲಿ ಅವಸರವಿದೆ. ಅದನ್ನು ಕೆಟ್ಟದ್ದೆನ್ನಲು ಇಷ್ಟೇ ಸಾಕು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಅತಿರೇಕವೂ ಇದೆ. ಎಡ್ಮಂಡ್ ಕಾರ್ಪೆಂಟರ್ ಎಂಬ ಮಾನವಶಾಸ್ತ್ರಜ್ಞ 1959ರಲ್ಲಿ ‘ಎಸ್ಕಿಮೋ’ ಎಂಬ ಪುಸ್ತಕ ತಂದ. ಫ್ಲಾಹರ್ಟಿ ಸಂಗ್ರಹಿಸಿದ್ದ ಕೆತ್ತನೆಗಳ ಚಿತ್ರಗಳು ಅದರಲ್ಲಿವೆ. ಕೆತ್ತುವವನು ದಂತದ ತುಂಡನ್ನು ಕೈಯಲ್ಲಿ ಹಿಡಿದು, ನಿನ್ನೊಳಗೆ ಯಾರಿದ್ದೀಯೆಂದು ಅದನ್ನೇ ಕೇಳುತ್ತಾನೆ, ಆಮೇಲೆ ಒಳಗಿದ್ದದ್ದನ್ನು ಬಿಡಿಸಿ ಹೊರತರುತ್ತಾನೆ ಎಂಬ ಅರ್ಥದ ಮಾತು ಅವನದು. ಮಾತು ಬಹಳ ಸುಂದರ. ಇನುಯಿಟ್ ಕಲೆಯ ಬಗ್ಗೆ ಬರೆದವರೆಲ್ಲ ಅದನ್ನೇ ಹಾಡುತ್ತ ಬಂದಿದ್ದಾರೆ. ನನಗೇಕೋ ಇದು ಅರ್ಧಸತ್ಯವೆನಿಸುತ್ತದೆ. ಸೀಲ್ ಪ್ರಾಣಿಯ ಗೊಂಬೆ ಹಾಗೆ ಹುಟ್ಟಿರಬಹುದು. ಆದರೆ ನಾಳೆ ಬಿರುಗಾಳಿ ಬರುವುದರೊಳಗೆ ಮನೆ ಕಟ್ಟಬೇಕಾದವನು ಹಲ್ಲನ್ನು ‘ಯಾರಿದ್ದೀಯೆ’ ಎಂದು ಕೇಳುತ್ತ ಕೂರುವುದಿಲ್ಲ. ಕತ್ತಿ ಬೇಕು, ಕತ್ತಿ ಮಾಡುತ್ತಾನೆ. ಅವನನ್ನು ಋಷಿಯಾಗಿಸುವುದೂ ಒಂದೇ, ಕಾಡುಮನುಷ್ಯನಾಗಿಸುವುದೂ ಒಂದೇ; ಎರಡರಲ್ಲೂ ಅವನು ನಮ್ಮಂತೆ ಯೋಚಿಸುವವನೆಂಬುದು ಬಿಟ್ಟುಹೋಗುತ್ತದೆ.

ವಿವರಣೆಯಲ್ಲಿ ‘ಇನುಯಿಟ್’ ಎಂಬ ಮಾತೂ ಅಷ್ಟು ಸರಳವಲ್ಲ. ಇನುಕ್ ಎಂದರೆ ಒಬ್ಬ ಮನುಷ್ಯ, ಇನೂಕ್ ಎಂದರೆ ಇಬ್ಬರು, ಇನುಯಿಟ್ ಎಂದರೆ ಮೂವರು ಅಥವಾ ಹೆಚ್ಚು. ಸಂಸ್ಕೃತದಂತೆ ಅಲ್ಲೂ ದ್ವಿವಚನವಿದೆ. ಎಸ್ಕಿಮೋ ಎಂಬ ಹಳೆಯ ಹೆಸರನ್ನು ಕೆನಡಾದಲ್ಲಿ ಬಿಟ್ಟದ್ದು ಸರಿಯೇ. ಆದರೆ ಬಿಟ್ಟ ಹೆಸರಿನ ಜಾಗದಲ್ಲೆಲ್ಲ ಇನುಯಿಟ್ ಎಂದು ಹಚ್ಚಿದರೆ ಇನ್ನೊಂದು ತಪ್ಪಾಗುತ್ತದೆ. ಅಲಾಸ್ಕದ ನೈಋತ್ಯದಲ್ಲಿರುವ ಯೂಪಿಕ್ ಜನ ಇನುಯಿಟರಲ್ಲ, ಅವರ ಭಾಷೆ ಬೇರೆ, ಮನೆಯೂ ಬೇರೆ. ಅವರು ಬದುಕಿದ್ದು ನದಿ ತಂದ ಮರ ಮತ್ತು ಹುಲ್ಲುಮಣ್ಣಿನ ಮನೆಗಳಲ್ಲಿ. ಅವರಲ್ಲೂ ವಾಲ್ರಸ್ ದಂತದ ಒಂದು ಕತ್ತಿಯಿದೆ, ನೋಡಲು ಹಿಮದ ಕತ್ತಿಯ ತಂಗಿಯಂತೆ. ಅದರ ಹೆಸರು ‘ಯಾರುಇನ್’. ಅಂಗಡಿಯವರ ಕಣ್ಣಿಗೆ ಅದೂ ‘ಪುರಾತನ ಇನುಯಿಟ್ ಅಲಗು’ ಆಗಿಬಿಡಬಹುದು. ಆದರೆ ಅದು ಏನನ್ನೂ ಕೊಯ್ಯುವುದಿಲ್ಲ! ಅದು ಕಥೆಯ ಕತ್ತಿ. ತಂದೆಯೋ ಅಜ್ಜನೋ ಸೋದರಮಾವನೋ ಮನೆಯ ಹುಡುಗಿಗೆ ಕೆತ್ತಿಕೊಡುತ್ತಿದ್ದದ್ದು. ಹುಡುಗಿಯರು ನದಿಯ ದಂಡೆಯ ಕೆಸರಿನ ಮೇಲೆ ಅಥವಾ ಹಿಮದ ಮೇಲೆ ಕುಳಿತು, ಕತ್ತಿಯ ಚಪ್ಪಟೆ ಮಗ್ಗುಲಿನಿಂದ ನೆಲವನ್ನು ಸಾರಿಸಿ, ತುದಿಯಿಂದ ಮನೆ, ಒಲೆ, ಅಜ್ಜಿ, ಮೊಮ್ಮಗಳು ಎಂದು ಗೆರೆ ಎಳೆಯುತ್ತ ಕಥೆ ಹೇಳುತ್ತಾರೆ. ದೃಶ್ಯ ಬದಲಾದರೆ ಅಳಿಸಿ, ಮತ್ತೆ ಎಳೆಯುತ್ತಾರೆ. ಅಜ್ಜಿಯೂ ಮೊಮ್ಮಗಳೂ ಈ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಮಾತು ಕೇಳದ ಮೊಮ್ಮಗಳಿಗೆ ಏನಾಯಿತೆಂಬುದು ಬಹಳ ಕಥೆಗಳ ಹೂರಣ. ದಂತದ ಕತ್ತಿ ಇಲ್ಲದ ಕಾಲಕ್ಕೆ ಊಟದ ಮೇಜಿನ ಬೆಣ್ಣೆಚಾಕುವಿನಿಂದಲೂ ಅದೇ ಕೆಲಸ ನಡೆಯಿತು.

ಒಬ್ಬ ಹುಡುಗಿಯ ಸ್ವಂತದ್ದೆನ್ನುವ ಆ ವಸ್ತು ಹೇಗೋ ಸಂಗ್ರಹಕಾರನ ಪೆಟ್ಟಿಗೆ ಸೇರಿ, ಅಲ್ಲಿಂದ ಅಂಗಡಿಗೆ ಬಂದು, ಯೋಧನ ಅಲಗೆಂದು ಮಾರಾಟವಾದರೆ ಕಥೆ, ಹುಡುಗಿ, ಕೆತ್ತಿಕೊಟ್ಟ ಅಜ್ಜ, ಮೂವರೂ ಒಟ್ಟಿಗೆ ಅಳಿಸಿಹೋಗುತ್ತಾರೆ. ಕೆಸರಿನ ಮೇಲಿನ ಗೆರೆಯನ್ನು ಅವಳು ತಾನಾಗಿ ಅಳಿಸುತ್ತಿದ್ದಳು. ಇದನ್ನು ಅಳಿಸಿದವರು ಬೇರೆಯವರು.

‘ಪುರಾತನ’ ಎಂಬುದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಅರ್ಥವಿದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿರಬೇಕು. ಹೊರದೇಶಗಳ ವ್ಯಾಪಾರದಲ್ಲೂ ಸಾಮಾನ್ಯವಾಗಿ ನೂರರ ಲೆಕ್ಕವೇ. ವಾಲ್ರಸ್ ದಂತ ಮಣ್ಣಿನಲ್ಲಿ ಹೂತಿದ್ದರೆ ಖನಿಜಗಳನ್ನು ಹೀರಿ ಕಂದುಬಣ್ಣಕ್ಕೆ ತಿರುಗುತ್ತದೆ. ಹಾಗೆಂದು ಕಂದಾದದ್ದೆಲ್ಲ ಹಳೆಯ ಕೆತ್ತನೆಯಲ್ಲ, ಹಳೆಯ ಹಲ್ಲನ್ನು ಅಗೆದು ತೆಗೆದು ನಿನ್ನೆ ಕೆತ್ತಿರಬಹುದು. ಇದನ್ನೂ ಭಾವಮೈದನಿಗೆ ತಿಳಿಸಿದೆ.

ಆ ಒಂದು ಸಾಲಿನಲ್ಲಿ ಇಲ್ಲದ ಪದವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ಯಾರು ಕೆತ್ತಿದರು? ಹೆಸರಿಲ್ಲ. ಹೆಸರಿಲ್ಲದಿರುವುದು ಅವರ ಸಂಪ್ರದಾಯವೆಂದು ಕೆಲವರು ಬಾಯಿಮಾತಿನಲ್ಲಿ ಹಾರಿಸಿಬಿಡುತ್ತಾರೆ. ಕತ್ತಿ ಊರಿನಲ್ಲಿದ್ದಾಗ ಅದನ್ನು ಯಾರು ಮಾಡಿದರೆಂಬುದು ಊರಿಗೆಲ್ಲ ಗೊತ್ತಿರುತ್ತದೆ. ಬರೆದಿಡಬೇಕಾದ ಅಗತ್ಯವೇ ಇಲ್ಲ. ಬರೆಯಬೇಕಾಗಿದ್ದದ್ದು ಅದನ್ನು ಹೊತ್ತೊಯ್ದವನು. ಅವನು ಕೊಂಡ ವರ್ಷ ಬರೆದ, ಕೊಟ್ಟ ಬೆಲೆ ಬರೆದ, ಹೆಸರು ಕೇಳಲಿಲ್ಲ.

ಆಮೇಲೆ ಹೆಸರಿನ ಬದಲು ನಂಬರು ಬಂತು. ಇಲ್ಲಿ ಗುಮಾಸ್ತನಾದ ನಾನು ತಲೆತಗ್ಗಿಸಬೇಕು. ಇನುಯಿಟರ ಹೆಸರುಗಳನ್ನು ಬರೆಯಲು ಬಾರದ ಕೆನಡಾದ ಅಧಿಕಾರಿಗಳು 1941ರಿಂದ ಮೊದಲುಮಾಡಿ ಪ್ರತಿಯೊಬ್ಬರಿಗೂ ಒಂದು ನಂಬರಿನ ಬಿಲ್ಲೆ ಕೊಟ್ಟರು. ನಾಣ್ಯದ ಆಕಾರದ ಬಿಲ್ಲೆ. ಕೊರಳಿಗೆ ಕಟ್ಟಿಕೊಳ್ಳಲು ಒಂದು ತೂತು. ಪೂರ್ವದವರಿಗೆ ‘ಇ’, ಪಶ್ಚಿಮದವರಿಗೆ ‘ಡಬ್ಲ್ಯು’. 1948ರಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬ ಯುವಕ ಇನುಕ್ಜುವಾಕಿಗೆ ಹೋಗಿ ಅಲ್ಲಿಯವರ ಕೆತ್ತನೆಗಳನ್ನು ಕಂಡು, 1949ರಲ್ಲಿ ಮಾಂಟ್ರಿಯಲ್ಲಿನಲ್ಲಿ ಮಾರಾಟಕ್ಕಿಡಿಸಿದ. ಈಗ ಜಗತ್ತಿಗೆಲ್ಲ ಗೊತ್ತಿರುವ ಇನುಯಿಟ್ ಕಲೆಯ ಮಾರುಕಟ್ಟೆ ಅಲ್ಲಿಂದ ಶುರು. ಆ ಕಾಲದ ಎಷ್ಟೋ ಕೆತ್ತನೆಗಳ ಅಡಿಯಲ್ಲಿ ಕಲಾವಿದನ ಸಹಿಯಿರುವ ಜಾಗದಲ್ಲಿ ಅವನ ಬಿಲ್ಲೆಯ ನಂಬರಿದೆ. 1968ರಿಂದ 1971ರವರೆಗೆ ಏಬ್ ಒಕ್‌ಪಿಕ್ ಎಂಬ ಇನುಯಿಟ್ ಮುಂದಾಳು ಊರೂರು ಸುತ್ತಿ ಮನೆಮನೆಯವರಿಂದ ಕುಲನಾಮ ಬರೆಸಿಕೊಂಡ ಮೇಲೆ, ಆ ದಶಕದಲ್ಲಿ ಬಿಲ್ಲೆಗಳು ಹೋದವು. ನಾನೂ ಒಂದು ನೌಕರ ಸಂಖ್ಯೆಯಿಂದ ಸಂಬಳ ಪಡೆಯುವವನೇ. ಆದರೆ ನನ್ನ ಬರಹದ ಕೆಳಗೆ ಅದನ್ನು ಹಾಕಬೇಕಾಗಿ ಬಂದಿಲ್ಲ.

ಇನುಕ್ಜುವಾಕಿನ ಮಾತು ಇನ್ನೂ ಒಂದಿದೆ. ಯಾವ ಊರಿನ ಮಂದಿ ಹಿಮದ ಮನೆ ಕಟ್ಟಿ ತೋರಿಸಿ ಜಗತ್ತನ್ನು ಬೆರಗುಗೊಳಿಸಿದರೋ ಅದೇ ಊರಿನ ಕುಟುಂಬಗಳನ್ನು 1953ರಲ್ಲಿ, ಮತ್ತೆ 1955ರಲ್ಲಿ, ಸರ್ಕಾರ ಹಡಗಿಗೆ ಹತ್ತಿಸಿ ಸುಮಾರು ಎರಡು ಸಾವಿರ ಕಿಲೋಮೀಟರು ಉತ್ತರಕ್ಕೆ, ಗ್ರೀಸ್ ಫಿಯರ್ಡ್ ಮತ್ತು ರೆಸಲ್ಯೂಟ್ ಎಂಬಲ್ಲಿಗೆ ಸಾಗಿಸಿತು. ಚಳಿಗಾಲದಲ್ಲಿ ಸೂರ್ಯ ತಿಂಗಳುಗಟ್ಟಲೆ ಮೇಲೇಳದ ಜಾಗ ಅದು. 1955ರಲ್ಲಿ ಹೋದವರಲ್ಲಿ ಜೋಸೆಫಿ ಫ್ಲಾಹರ್ಟಿಯೂ ಇದ್ದ. ಆ ಚಿತ್ರದ ನಿರ್ದೇಶಕ ಹಿಂದಿರುಗಿದ ಮೇಲೆ ಅಲ್ಲಿ ಹುಟ್ಟಿದ, ಅವನು ಎಂದೂ ಕಣ್ಣಾರೆ ಕಾಣದ ಮಗ. 2010ರ ಆಗಸ್ಟಿನಲ್ಲಿ ಕೆನಡಾ ಸರ್ಕಾರ ಇದಕ್ಕಾಗಿ ಕ್ಷಮೆ ಕೇಳಿತು. ಅಪ್ಪ ಚಿತ್ರಕ್ಕೆಂದು ಕಟ್ಟಿಸಿದ ಅರ್ಧ ಮನೆಗೆ ಬೆಳಕು ಬೇಕಾಗಿತ್ತು; ಮಗನನ್ನು ಕಳುಹಿಸಿದ್ದು ಕತ್ತಲೆಗೆ.

ಇನ್ನು, ತರಬಹುದೇ ಎಂಬ ಪ್ರಶ್ನೆ. ವಾಲ್ರಸ್ಸನ್ನು ಕೆನಡಾ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೂರನೆಯ ಅನುಬಂಧದಲ್ಲಿ ಸೇರಿಸಿದೆ. ಅನುಮತಿಪತ್ರವಿಲ್ಲದೆ ದಂತವನ್ನು ಗಡಿ ದಾಟಿಸುವಂತಿಲ್ಲ. ಆನೆದಂತದ ವಿಷಯದಲ್ಲಿ ನಮ್ಮ ಸರ್ಕಾರ 1986ರಲ್ಲಿ, ಮತ್ತೆ ಆಫ್ರಿಕದ ದಂತವನ್ನೂ ಸೇರಿಸಿ 1991ರಲ್ಲಿ, ಬಾಗಿಲು ಮುಚ್ಚಿದ್ದು ಸರಿಯೆಂದೇ ನಾನು ತಿಳಿದಿದ್ದೇನೆ. ಮೈಸೂರಿನ ಬೀಟೆಮರದಲ್ಲಿ ಈಗ ಪ್ಲಾಸ್ಟಿಕ್ಕಿನ ಬಿಳುಪು ಕಂಡಾಗ ಮನಸ್ಸಿಗೆ ಹಿತವಾಗದಿದ್ದರೂ. ವಾಲ್ರಸ್ಸಿನ ಲೆಕ್ಕ ಬೇರೆ. ಅಮೆರಿಕದ 1972ರ ಸಾಗರ ಸಸ್ತನಿ ಕಾಯಿದೆ ಅಲಾಸ್ಕದ ಮೂಲನಿವಾಸಿಗಳಿಗೆ ಬೇಟೆಯಾಡಿ ತಿನ್ನುವ, ಉಳಿದ ಹಲ್ಲನ್ನು ಕೆತ್ತಿ ಮಾರುವ ಹಕ್ಕನ್ನು ಉಳಿಸಿಕೊಟ್ಟಿದೆ. ಆದರೆ ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳು ಆನೆಯನ್ನು ಉಳಿಸಲು ತಂದ ಕಾನೂನಿನಲ್ಲಿ ವಾಲ್ರಸ್ಸನ್ನೂ ಒಟ್ಟಿಗೆ ಕಟ್ಟಿದ್ದರಿಂದ ಹಲ್ಲು ಕೆತ್ತಿ ಬದುಕುವ ಹಳ್ಳಿಗಳಿಗೆ ಪೆಟ್ಟು ಬಿದ್ದಿದೆ. ಕಾನೂನು ಬರೆಯುವವರಿಗೂ ಅಂಗಡಿಯವರಿಗೂ ಒಂದೇ ರೋಗ: ದಂತವೆಲ್ಲ ಒಂದೇ ದಂತ.

ಇಷ್ಟನ್ನೂ ಬರೆದು, ಕೊನೆಗೆ ಎರಡು ಮಾತು 
ಸೇರಿಸಿದೆ. ವಸ್ತು ಒಳ್ಳೆಯದೇ, ಆ ಮಚ್ಚೆ ಕಲೆಯಲ್ಲ, ಹಲ್ಲಿನ ಹೃದಯ. ಆದರೆ ನಮ್ಮ ಮನೆಗೆ ಬೇಡ. ಅಷ್ಟು ಹಣ ಇದ್ದರೆ ಈಗ ಬದುಕಿರುವ, ಹೆಸರು ಬರೆದ ಕಲಾವಿದನೊಬ್ಬನ ಕಲ್ಲಿನ ಕೆತ್ತನೆ ಕೊಂಡು ನಿನ್ನ ಮನೆಯಲ್ಲೇ ಇಟ್ಟುಕೋ.

ವಾರ ಕಳೆದು ಅವನ ಉತ್ತರ ಬಂತು. “ಭಾವ, ನಿಮ್ಮ ಪತ್ರ ಓದಿ ಮುಗಿಸುವುದರೊಳಗೆ ಅದನ್ನು ಬೇರೆ ಯಾರೋ ಕೊಂಡುಬಿಟ್ಟರು” ಎಂದಿದ್ದ. ನಾನೂ ಆ ಪಟ್ಟಿಯನ್ನು ತೆರೆದು ನೋಡಿದೆ. ಚಿತ್ರದ ಮೇಲೆ ‘ಮಾರಾಟವಾಗಿದೆ’ ಎಂಬ ಕೆಂಪು ಅಕ್ಷರ. ಕೆಳಗಿನ ಸಾಲು ಹಾಗೆಯೇ ಇತ್ತು.